ಗಾಯ ಮಾಗಿತು, ಕೆಲಸ ಮರಳಲಿಲ್ಲ

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ರೋಗಿಯ ಕೈಗೆ ಒಂದು ಚೀಟಿ ಬರುತ್ತದೆ. ಹೊಲಿಗೆ ಬಿಚ್ಚಿದೆ, ಗಾಯ ಮಾಗಿದೆ, ಜ್ವರವಿಲ್ಲ, ಇನ್ನು ಮನೆಗೆ ಹೋಗಬಹುದು ಎಂಬುದು ಅದರ ತಾತ್ಪರ್ಯ. ಡಾಕ್ಟರರ ಪಾಲಿಗೆ ಅಲ್ಲಿಗೆ ಕೆಲಸ ಮುಗಿಯಿತು; ಧಣಿಯ ಪಾಲಿಗೂ ಮುಗಿಯಿತು. ಆದರೆ ಆ ಕೈ ಕಾವಲಿಯ ಮೇಲೆ ಹಿಟ್ಟು ಹುಯ್ಯಬಲ್ಲದೆ, ಆ ಕಾಲು ಎರಡು ಮಹಡಿ ಮೆಟ್ಟಲು ಹತ್ತಬಲ್ಲದೆ, ಆ ಬೆನ್ನು ಅಕ್ಕಿಯ ಮೂಟೆ ಎತ್ತಬಲ್ಲದೆ ಎಂದು ಕೇಳುವವರು ಯಾರು? ಚೀಟಿಯಲ್ಲಿ ಅದಕ್ಕೆ ಜಾಗವಿಲ್ಲ. ದುಡಿದು ತಿನ್ನುವ ನಮ್ಮಂತಹವರಿಗೆ ಗಾಯ ಮಾಗುವುದು ಅರ್ಧ ಚಿಕಿತ್ಸೆ ಮಾತ್ರ. ಉಳಿದರ್ಧ ನಡೆಯಬೇಕಾದ ಸ್ಥಳವೊಂದಿದೆ. ಆ ಸ್ಥಳದ ವಿಷಯವಾಗಿಯೂ, ಅಲ್ಲಿ ದುಡಿಯುವವರ ವಿಷಯವಾಗಿಯೂ, ನಮ್ಮವರು ಅತ್ತ ಹಾಯದಿರುವ ಕಾರಣದ ವಿಷಯವಾಗಿಯೂ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ.

ಈ ಊರು ೨೦೦೧ರಿಂದ ಕಾಗದಪತ್ರಗಳಲ್ಲಿ ಕೋಲ್ಕತಾ ಆಗಿದೆ. ನಮ್ಮವರ ಬಾಯಲ್ಲಿ ಮಾತ್ರ ಕಲ್ಕತ್ತೆಯೇ. ಕಲ್ಕತ್ತೆಯ ದೊಡ್ಡ ಆಸ್ಪತ್ರೆಗಳಲ್ಲಿ ಹೃದಯದ ವಿಭಾಗ ಯಾವ ಕಡೆ, ಕಣ್ಣಿನ ವಿಭಾಗ ಯಾವ ಕಡೆ ಎಂಬುದು ಹೊರಗೆ ಚಹ ಮಾರುವವನಿಗೂ ಗೊತ್ತು. 'ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್' ಎಂಬ ಉದ್ದ ಹೆಸರಿನ ವಿಭಾಗವನ್ನು ಕೇಳಿ ನೋಡಿ. ಅವನು ತಲೆ ಕೆರೆದುಕೊಳ್ಳುತ್ತಾನೆ. ಭವಾನಿಪುರದ ಎಸ್.ಎಸ್.ಕೆ.ಎಂ. ಆಸ್ಪತ್ರೆಯಲ್ಲಿ, ಅಂದರೆ ಹಳಬರು ಈಗಲೂ ಪಿ.ಜಿ. ಎನ್ನುವಲ್ಲಿ, ಈ ವಿಭಾಗವಿದೆ. ಊರಿನ ಉತ್ತರಕ್ಕೆ ಬಿ.ಟಿ. ರಸ್ತೆಯ ಬೊನ್‌ಹುಗ್ಲಿಯಲ್ಲಿ ಇದಕ್ಕಾಗಿಯೇ ಕೇಂದ್ರ ಸರ್ಕಾರ ೧೯೭೮ರಲ್ಲಿ ಆರಂಭಿಸಿದ ಸಂಸ್ಥೆಯಿದೆ. ಆಗ ಅದಕ್ಕೆ ಅಂಗವಿಕಲರ ರಾಷ್ಟ್ರೀಯ ಸಂಸ್ಥೆಯೆಂಬ ಅರ್ಥದ ಹೆಸರಿತ್ತು. ಈಗ 'ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಲೋಕೊಮೋಟರ್ ಡಿಸೆಬಿಲಿಟೀಸ್' ಎನ್ನುತ್ತಾರೆ. ಬಿ.ಟಿ. ಎಂದರೆ ಬ್ಯಾರಕ್‌ಪುರ ಟ್ರಂಕ್. ಹೂಗ್ಲಿ ನದಿಯ ಎರಡು ದಡಗಳಲ್ಲೂ ಸೆಣಬಿನ ಗಿರಣಿಗಳು ಸಾಲಾಗಿ ಎದ್ದ ಪ್ರದೇಶ ಇದು. ಆಚೆ ದಡದ ರಿಷ್ರಾದಲ್ಲಿ ೧೮೫೫ರಲ್ಲಿ ಮೊದಲ ಗಿರಣಿ ನಡೆಯಿತು. ಯಂತ್ರಕ್ಕೆ ಬೆರಳು ಕೊಟ್ಟವರ ದಾರಿಯಲ್ಲಿಯೇ ಈ ಸಂಸ್ಥೆ ಇರುವುದು ತಕ್ಕುದಾಗಿಯೇ ಇದೆ.

ಇದನ್ನು ಕನ್ನಡದಲ್ಲಿ 'ಪುನರ್ವಸತಿ' ಎಂದು ಬರೆಯುವ ರೂಢಿ. ಆ ಮಾತು ಕೇಳಿದೊಡನೆ ನಮ್ಮ ಕಡೆಯವರಿಗೆ ಲಿಂಗನಮಕ್ಕಿಯ ನೀರಿನಲ್ಲಿ ಮನೆ ಬಿಟ್ಟವರ ನೆನಪಾಗುತ್ತದೆ. ಬಂಗಾಳಿಗಳಿಗೋ ೧೯೪೭ರಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ನೆನಪು. ಮನೆ ಕಳೆದುಕೊಂಡವನಿಗೆ ಮನೆ ಕೊಡುವುದು ಹೇಗೆ ಪುನರ್ವಸತಿಯೋ ಹಾಗೆಯೇ ಕೈ ಕಳೆದುಕೊಂಡವನಿಗೆ ಕೆಲಸ ಕೊಡುವುದೂ ಪುನರ್ವಸತಿಯೇ ಎಂದಿಟ್ಟುಕೊಂಡರೆ ಮಾತು ತಪ್ಪಾಗದು.

ಅಲ್ಲಿ ಮಾಡುವುದೇನು? ಬಿಸಿ ದೀಪ ಹಿಡಿಯುತ್ತಾರೆ, ಕೈಕಾಲು ಆಡಿಸುತ್ತಾರೆ ಎಂಬುದು ನಮ್ಮವರ ಸಾಮಾನ್ಯ ಅಭಿಪ್ರಾಯ. ಒಂದು ಉದಾಹರಣೆಯಿಂದ ಹೇಳುತ್ತೇನೆ. ಹೋಟೆಲಿನ ಅಡಿಗೆಮನೆಯಲ್ಲಿ ಕುದಿಯುವ ಎಣ್ಣೆ ಚೆಲ್ಲಿ ಕೈ ಸುಡುವುದು ನಮಗೆ ಹೊಸದಲ್ಲ. ಸುಟ್ಟ ಕೈಯನ್ನು ಮನುಷ್ಯ ಸಹಜವಾಗಿಯೇ ನೋವು ಕಡಿಮೆಯಾಗುವ ಹಾಗೆ ಮುದುರಿ ಇಟ್ಟುಕೊಳ್ಳುತ್ತಾನೆ. ಮಣಿಕಟ್ಟು ಕೆಳಗೆ ಬಾಗುತ್ತದೆ, ಬೆರಳುಗಳು ಕೊಕ್ಕೆಯಾಗುತ್ತವೆ, ಹೆಬ್ಬೆರಳು ಅಂಗೈಗೆ ಅಂಟುತ್ತದೆ. ಹಿತವಾದ ಆ ಭಂಗಿಯೇ ಮುಂದೆ ಶತ್ರು! ಹೊಸ ಚರ್ಮ ಬೆಳೆಯುತ್ತ ಬಿಗಿಯುತ್ತದೆ. ಬಿಗಿಯುತ್ತ ಕೀಲುಗಳನ್ನು ಎಳೆಯುತ್ತದೆ. ಮೂರು ತಿಂಗಳ ಮೇಲೆ ಗಾಯ ಮಾಗಿದೆ ಎಂದು ಚೀಟಿ ಬಂದಾಗ ಕೈ ಹಕ್ಕಿಯ ಉಗುರಿನಂತೆ ನಿಂತುಬಿಟ್ಟಿರುತ್ತದೆ.

ಇದನ್ನು ತಡೆಯಲು ಮೊದಲ ದಿನಗಳಿಂದಲೇ ಒಬ್ಬರು ಬೇಕು. ಅವರು ಆಕ್ಯುಪೇಷನಲ್ ಥೆರಪಿಸ್ಟ್. ಬಿಸಿನೀರಿನಲ್ಲಿ ಅದ್ದಿದರೆ ಹಪ್ಪಳದ ಹಿಟ್ಟಿನ ಹಾಗೆ ಮೆದುವಾಗುವ ಒಂದು ಬಗೆಯ ಪ್ಲಾಸ್ಟಿಕ್ ಹಾಳೆಯನ್ನು ಅವರು ಕೈಯ ಅಳತೆಗೆ ಕತ್ತರಿಸಿ, ಕೈಯ ಮೇಲೆಯೇ ಒತ್ತಿ, ತಣಿದು ಗಟ್ಟಿಯಾಗುವವರೆಗೆ ಹಿಡಿದುಕೊಳ್ಳುತ್ತಾರೆ. ಇದೇ ಸ್ಪ್ಲಿಂಟ್. ಮಣಿಕಟ್ಟು ಸ್ವಲ್ಪ ಮೇಲೆ, ಬೆರಳಿನ ಬುಡದ ಗೆಣ್ಣು ಬಾಗಿ, ಬೆರಳು ನೆಟ್ಟಗೆ, ಹೆಬ್ಬೆರಳು ದೂರ: ಹೀಗೆ ಕೈ ನಿಲ್ಲುತ್ತದೆ. ಹಗಲು ಫಿಸಿಯೋಥೆರಪಿಸ್ಟ್ ಒಂದೊಂದು ಕೀಲನ್ನೂ ಆಡಿಸುತ್ತಾರೆ. ರೋಗಿ ಅರಚುತ್ತಾನೆ, ಬಯ್ಯುತ್ತಾನೆ, ನಾಳೆ ಬರುವುದಿಲ್ಲವೆಂದು ಆಣೆ ಇಡುತ್ತಾನೆ. ಚರ್ಮ ಮುಚ್ಚಿದ ಮೇಲೆ ಬಿಗಿಯಾದ ಕೈಚೀಲವೊಂದನ್ನು ಹೊಲಿಸಿ ಕೊಡುತ್ತಾರೆ. ಸ್ನಾನಕ್ಕೆ ಬಿಟ್ಟರೆ ಹಗಲು ರಾತ್ರಿ ಅದು ಕೈಯಲ್ಲೇ ಇರಬೇಕು, ಅದೂ ತಿಂಗಳುಗಟ್ಟಲೆ. ಸುಟ್ಟ ಕಲೆ ಪಕ್ವವಾಗಲು ಒಂದು ವರ್ಷವೂ ಹಿಡಿಯಬಹುದು, ಅದಕ್ಕಿಂತ ಹೆಚ್ಚೂ ಹಿಡಿಯಬಹುದು. ಅಷ್ಟು ದಿನ ಯಾರು ಬರುತ್ತಾರೆ? ಎರಡನೆಯ ವಾರಕ್ಕೆ ಬರುವವರು ಅರ್ಧ, ಎರಡನೆಯ ತಿಂಗಳಿಗೆ ಬರುವವರು ಬೆರಳೆಣಿಕೆ. ಬಾರದವರನ್ನು ಸೋಮಾರಿಗಳೆಂದು ಬಯ್ಯುವುದು ಸುಲಭ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಾಲು ಕತ್ತರಿಸಿದವರ ಕತೆಯೂ ಹೀಗೆಯೇ. ಮೊಣಕಾಲಿನ ಕೆಳಗೆ ಕತ್ತರಿಸಿದ ಮೇಲೆ ಮನೆಯವರು ಪ್ರೀತಿಯಿಂದ ಮಂಡಿಯ ಕೆಳಗೆ ದಿಂಬು ಇಡುತ್ತಾರೆ. ಮಂಡಿ ಬಾಗಿಯೇ ಗಟ್ಟಿಯಾಗುತ್ತದೆ. ನೆಟ್ಟಗಾಗದ ಮಂಡಿಗೆ ಕೃತಕ ಕಾಲು ಸರಿಯಾಗಿ ಕೂರುವುದಿಲ್ಲ. ದಿಂಬು ಬೇಡವೆಂದು ಒಬ್ಬರು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಪಾರ್ಶ್ವವಾಯು ಹೊಡೆದವರನ್ನು ಹಾಸಿಗೆಯಿಂದ ಎಬ್ಬಿಸುವಾಗ ಬಿದ್ದುಹೋದ ಕೈಯನ್ನೇ ಹಿಡಿದು ಎಳೆಯುತ್ತೇವಲ್ಲ, ಅದರಿಂದ ಭುಜ ಜಾರಿ ವರ್ಷಗಟ್ಟಲೆ ನೋವು ಉಳಿಯುತ್ತದೆ. ಬೆನ್ನುನೋವಿಗೆ ತಿಂಗಳುಗಟ್ಟಲೆ ಮಲಗಿಸುವ ಹಳೆಯ ಪದ್ಧತಿಯನ್ನು ಈಗಿನ ವೈದ್ಯರು ಒಪ್ಪುವುದಿಲ್ಲ. ಮಲಗಿದಷ್ಟೂ ಬೆನ್ನು ಸೋಲುತ್ತದೆ. ಇವೆಲ್ಲ ದೊಡ್ಡ ಯಂತ್ರದ ಚಿಕಿತ್ಸೆಗಳಲ್ಲ. ತಿಳಿದವರು ಸಕಾಲದಲ್ಲಿ ಹೇಳುವ ಮಾತುಗಳು.

ಯಂತ್ರದ ಮಾತು ಬಂದುದರಿಂದ ಒಂದನ್ನು ಹೇಳಿಬಿಡಬೇಕು. ಈಗ ಗಲ್ಲಿಗೊಂದು ಫಿಸಿಯೋಥೆರಪಿ ಫಲಕ. ಒಳಗೆ ಹೋದರೆ ಇಪ್ಪತ್ತು ನಿಮಿಷ ಬಿಸಿ, ಹತ್ತು ನಿಮಿಷ ಕರೆಂಟು, ಹಣ ಕೊಟ್ಟು ಹೊರಗೆ. ಬಿಸಿಯಿಂದ ನೋವು ಸ್ವಲ್ಪ ಇಳಿಯುವುದು ನಿಜ. ಆದರೆ ಬಿಸಿ ಕೀಲನ್ನು ಆಡಿಸುವುದಿಲ್ಲ, ಸ್ನಾಯುವಿಗೆ ಬಲ ಕೊಡುವುದಿಲ್ಲ; ಅದನ್ನು ಮಾಡಬೇಕಾದವನು ರೋಗಿ, ಮಾಡಿಸಬೇಕಾದವರು ಥೆರಪಿಸ್ಟ್. ಯಾವ ಅಂಗಡಿಯಲ್ಲಿ ನಿಮ್ಮ ಬೆವರು ಸುರಿಯುವುದಿಲ್ಲವೋ ಆ ಅಂಗಡಿಯಲ್ಲಿ ನಿಮ್ಮ ಹಣ ಮಾತ್ರ ಸುರಿಯುತ್ತದೆಂದು ತಿಳಿಯಿರಿ. ಈ ಕಸಬಿನವರನ್ನು ದಾಖಲೆಗೆ ತಂದು ಕಟ್ಟುಪಾಡಿಗೆ ಒಳಪಡಿಸಲು ೨೦೨೧ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿದೆ. ಅಲ್ಲಿಯವರೆಗೆ ವೈದ್ಯರಿಗೆ ಇದ್ದ ಲೆಕ್ಕಪತ್ರ ಇವರಿಗಿರಲಿಲ್ಲ ಎಂಬುದೇ ಈ ದೇಶ ಇವರನ್ನು ಎಷ್ಟರ ಮಟ್ಟಿಗೆ ಗಣಿಸಿತ್ತು ಎಂಬುದಕ್ಕೆ ಸಾಕ್ಷಿ. ಇನ್ನು ನಮ್ಮವರಲ್ಲಿ ಕೆಲವರು ಮೂಳೆ ಮುರಿದರೆ ರಜೆ ಹಾಕಿ ಪುತ್ತೂರು ಕಟ್ಟಿಗೆ ರೈಲು ಹತ್ತುತ್ತಾರೆ. ನಂಬಿಕೆ ಅವರದು, ಅಡ್ಡಿಯಿಲ್ಲ. ಕಟ್ಟು ಬಿಚ್ಚಿದ ಮೇಲಾದರೂ ಇತ್ತ ಬನ್ನಿ.

ಈ ಶಾಸ್ತ್ರ ಬಲಿತದ್ದು ಎರಡನೆಯ ಮಹಾಯುದ್ಧದಲ್ಲಿ. ಗಾಯಗೊಂಡ ಸೈನಿಕರನ್ನು ಬದುಕಿಸಿದ ಮೇಲೆ ಅವರನ್ನು ಏನು ಮಾಡುವುದೆಂಬ ಪ್ರಶ್ನೆ ಬಂತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ೧೯೪೪ರಲ್ಲಿ ಲುಡ್ವಿಗ್ ಗುಟ್‌ಮನ್ನರೂ, ಅಮೆರಿಕದಲ್ಲಿ ಹೊವರ್ಡ್ ರಸ್ಕರೂ ಉತ್ತರ ಹುಡುಕಿದರು. ನಮ್ಮ ದೇಶದಲ್ಲಿ ಮುಂಬಯಿಯ ಹಾಜಿ ಅಲಿಯ ಬಳಿ ೧೯೫೫ರಲ್ಲಿ ಅಖಿಲ ಭಾರತ ಸಂಸ್ಥೆ ಬಂತು. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರ ಹೆಸರು ಕೇಳಿದ್ದೀರೋ ಇಲ್ಲವೋ. ೧೯೫೪ರ ರಸ್ತೆ ಅಪಘಾತದಲ್ಲಿ ಬೆನ್ನುಹುರಿ ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಆಕೆ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ರಸ್ಕರ ಬಳಿ ಕಲಿತು ಬಂದರು. ೧೯೬೬ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆದರು. ಬಂಗಾಳದಿಂದ ವೆಲ್ಲೂರಿಗೆ ಈಗಲೂ ರೈಲು ತುಂಬ ರೋಗಿಗಳು ಹೋಗುತ್ತಾರಲ್ಲವೆ? ಬೆಂಗಳೂರಿನಲ್ಲಿ ೧೯೫೯ರಲ್ಲಿಯೇ, ಪೋಲಿಯೋದಿಂದ ನಡಿಗೆ ಕಳೆದುಕೊಂಡಿದ್ದ ಎನ್. ಎಸ್. ಹೇಮಾ ಅವರು ಅಂಗವಿಕಲರಿಗಾಗಿ ಸಂಘ ಕಟ್ಟಿದರು. ಪೆಟ್ಟು ತಿಂದವರೇ ಈ ಕೆಲಸಕ್ಕೆ ಮುಂದಾದುದನ್ನು ಗಮನಿಸಬೇಕು.

ಪೋಲಿಯೋ ಮಕ್ಕಳಿಗಾಗಿ ಇಂತಹ ಚಿಕಿತ್ಸಾಲಯಗಳು ದಶಕಗಟ್ಟಲೆ ಬೆವರಿಳಿಸಿದವು. ದೇಶದ ಕೊನೆಯ ಪೋಲಿಯೋ ಪ್ರಕರಣ ೨೦೧೧ರ ಜನವರಿಯಲ್ಲಿ ನದಿಯಾಚೆಯ ಹೌರಾ ಜಿಲ್ಲೆಯಲ್ಲಿಯೇ ಕಂಡದ್ದು. ೨೦೧೪ರ ಮಾರ್ಚಿಯಲ್ಲಿ ಪೋಲಿಯೋ ತೊಲಗಿತೆಂದು ಪ್ರಮಾಣಪತ್ರ ಬಂತು. ಆ ಬೆಂಚುಗಳು ಖಾಲಿಯಾದವೆ? ಇಲ್ಲ. ಪಾರ್ಶ್ವವಾಯು, ರಸ್ತೆ ಅಪಘಾತ, ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲು, ಕಾರಖಾನೆಯ ಪೆಟ್ಟು: ಇವರೆಲ್ಲ ಬಂದು ಕುಳಿತಿದ್ದಾರೆ.

ಈಗ ಕಾಯಿದೆಯ ಕಡೆ ನೋಡೋಣ. ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡಿಸಲು ೧೯೨೩ರಲ್ಲಿ ಮಾಡಿದ ಕಾಯಿದೆಯಲ್ಲಿ ಒಂದು ಪಟ್ಟಿ ಇತ್ತು. ಹೆಬ್ಬೆರಳು ಹೋದರೆ ನೂರಕ್ಕೆ ೩೦, ತೋರುಬೆರಳು ಪೂರ್ತಿ ಹೋದರೆ ೧೪, ನಡುಬೆರಳಿಗೆ ೧೨, ಒಂದು ಕೈಯ ನಾಲ್ಕು ಬೆರಳೂ ಹೋದರೆ ೫೦. ಸಂತೆಯಲ್ಲಿ ಬದನೆಕಾಯಿಗೆ ದರ ಬರೆದ ಹಾಗೆ! ಆ ಬೆರಳು ಯಾರದು ಎಂದು ಪಟ್ಟಿ ಕೇಳುವುದಿಲ್ಲ. ಬ್ಯಾಂಕಿನ ಗುಮಾಸ್ತನ ಹೆಬ್ಬೆರಳಿಗೂ ಅಡಿಗೆ ಭಟ್ಟರ ಹೆಬ್ಬೆರಳಿಗೂ ಒಂದೇ ಬೆಲೆ. ಆದರೆ ಒಬ್ಬರು ಮಾರನೆಯ ತಿಂಗಳು ಕುರ್ಚಿಗೆ ಮರಳುತ್ತಾರೆ, ಇನ್ನೊಬ್ಬರು ಊರಿನ ರೈಲು ಹತ್ತುತ್ತಾರೆ. ನ್ಯಾಯಾಲಯ ಇದನ್ನು ಕಾಣದೆ ಇಲ್ಲ. ಚಿತ್ರಮಂದಿರವೊಂದರಲ್ಲಿ ಕೆಲಸ ಮಾಡುವಾಗ ಬಿದ್ದು ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಮೊಕದ್ದಮೆಯಲ್ಲಿ, ಒಂದೇ ಕೈಯಿಂದ ಬಡಗಿಕೆ ಸಾಧ್ಯವಿಲ್ಲವಾದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂಬ ತೀರ್ಮಾನವನ್ನು ಸುಪ್ರೀಂ ಕೋರ್ಟು ೧೯೭೫ರಲ್ಲಿ ಎತ್ತಿಹಿಡಿಯಿತು. ಸರಿಯಾದ ನ್ಯಾಯ. ಆದರೂ ಅದು ಹಣದ ನ್ಯಾಯ. ಬಡಗಿಗೆ ಮತ್ತೊಂದು ಕೆಲಸ ಕಲಿಸಿದವರು ಯಾರು ಎಂಬ ಪ್ರಶ್ನೆ ಆ ಕಟ್ಟಳೆಯಲ್ಲಿ ಬರುವುದಿಲ್ಲ. ಈಗ ಆ ಹಳೆಯ ಕಾಯಿದೆಯೂ ೧೯೪೮ರ ಇ.ಎಸ್.ಐ. ಕಾಯಿದೆಯೂ ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಲೀನವಾಗಿವೆ. ೨೦೨೫ರ ನವೆಂಬರಿನಲ್ಲಿ ಸಂಹಿತೆ ಜಾರಿಗೆ ಬಂತು. ಪುಸ್ತಕದ ರಟ್ಟು ಹೊಸದು, ಒಳಗಿನ ಯೋಚನೆ ಹಳೆಯದು.

ಇ.ಎಸ್.ಐ. ಕಲ್ಕತ್ತೆಗೆ ಬಂದದ್ದು ೧೯೫೫ರಲ್ಲಿ. ಮಾಣಿಕ್‌ತಲಾದಲ್ಲಿಯೂ ಜೋಕಾದಲ್ಲಿಯೂ ಅದರ ಆಸ್ಪತ್ರೆಗಳಿವೆ. ಕೆಲಸದ ಪೆಟ್ಟಿನಿಂದ ಮಲಗಿದವನಿಗೆ ಕೂಲಿಯ ನೂರಕ್ಕೆ ೯೦ ಬರುವುದು ದೊಡ್ಡ ಉಪಕಾರವೇ. ಅದನ್ನು ಕೊಂಕು ಮಾತಾಡುವುದು ಕೃತಘ್ನತೆಯಾದೀತು. ಕೃತಕ ಕಾಲಿನ ಖರ್ಚನ್ನೂ ಅದು ವಹಿಸುತ್ತದೆ. ತೊಂದರೆ ಇರುವುದು ಎರಡು ಕಡೆ. ಹತ್ತು ಮಂದಿ ದುಡಿಯುವಲ್ಲಿ ಮಾತ್ರ ಅದು ಅನ್ವಯಿಸುತ್ತದೆ. ಹದಿನಾಲ್ಕು ಮಂದಿ ಓಡಾಡುವ ಹೋಟೆಲಿನ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರಿರುವುದನ್ನು ಕಂಡವರು ನಮ್ಮಲ್ಲಿ ಇದ್ದಾರೆ. ಎರಡನೆಯದು, 'ಫಿಟ್' ಎಂಬ ಒಂದು ಪದ. ಆ ಪದ ಬಿದ್ದ ದಿನ ಭತ್ಯ ನಿಲ್ಲುತ್ತದೆ. ಪೂರ್ತಿ ಅಶಕ್ತ, ಪೂರ್ತಿ ಶಕ್ತ, ಇವೆರಡರ ನಡುವೆ ಮೂರನೆಯ ಸ್ಥಿತಿಯೊಂದಿದೆ: ಹಗುರ ಕೆಲಸಕ್ಕೆ ಬರಬಲ್ಲ, ದಿನಕ್ಕೆ ನಾಲ್ಕು ತಾಸು ದುಡಿಯಬಲ್ಲ, ವಾರಕ್ಕೆರಡು ದಿನ ಚಿಕಿತ್ಸೆಗೆ ಹೋಗಬೇಕು ಎಂಬ ಸ್ಥಿತಿ. ಸುಟ್ಟ ಕೈಯವನು ಒಂದು ವರ್ಷ ಇರುವುದು ಈ ಮೂರನೆಯ ಸ್ಥಿತಿಯಲ್ಲಿ. ಅದಕ್ಕೆ ಧಣಿಯ ಲೆಕ್ಕದಲ್ಲಿ ಹೆಸರೇ ಇಲ್ಲ.

ಅಷ್ಟೇ ಅಲ್ಲ. ಎಸ್.ಎಸ್.ಕೆ.ಎಂ. ರಾಜ್ಯದ ಆರೋಗ್ಯ ಇಲಾಖೆಗೆ ಸೇರಿದ್ದು. ಇ.ಎಸ್.ಐ. ಕೇಂದ್ರದ ಕಾರ್ಮಿಕ ಮಂತ್ರಾಲಯದ್ದು. ಬೊನ್‌ಹುಗ್ಲಿಯ ಸಂಸ್ಥೆ ಸಾಮಾಜಿಕ ನ್ಯಾಯ ಮಂತ್ರಾಲಯದ್ದು. ಒಂದು ಮುರಿದ ಕಾಲನ್ನು ಮೂರು ಕಚೇರಿಗಳು ಹಂಚಿಕೊಂಡಿವೆ. ಒಂದರ ಚೀಟಿ ಇನ್ನೊಂದಕ್ಕೆ ನಡೆಯುವ ಹೊತ್ತಿಗೆ ಕಾಲು ಸೊಟ್ಟಗಾಗಿರುತ್ತದೆ.

ಮೊದಲು ಹೇಳಿದ ಮಾತಿಗೆ ಬರುತ್ತೇನೆ: ರೋಗಿಗಳು ಯಾಕೆ ಅರ್ಧಕ್ಕೆ ಬಿಡುತ್ತಾರೆ? ಲೇಕ್ ಮಾರ್ಕೆಟ್ಟಿನ ಕಡೆಯ ಹೋಟೆಲ್ ಕೆಲಸಗಾರನೊಬ್ಬ ಬೊನ್‌ಹುಗ್ಲಿಗೆ ಹೋಗಬೇಕೆಂದರೆ ಕಾಳೀಘಾಟಿನಲ್ಲಿ ಮೆಟ್ರೋ ಹತ್ತಿ, ಊರನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿ, ಇಳಿದು ಮತ್ತೆ ಆಟೋ ಹಿಡಿಯಬೇಕು. ಸಾಲಿನಲ್ಲಿ ನಿಂತು, ಅರ್ಧ ತಾಸಿನ ಚಿಕಿತ್ಸೆ ಮುಗಿಸಿ ಹಿಂದಿರುಗುವಾಗ ಮಧ್ಯಾಹ್ನದ ಊಟದ ಹೊತ್ತು ಕಳೆದಿರುತ್ತದೆ. ಆ ದಿನದ ಕೂಲಿ ಹೋಯಿತು. ಚಿಕಿತ್ಸೆ ಅಗ್ಗ, ಆದರೆ ಹೋಗಿಬರುವ ದಿನ ದುಬಾರಿ. ವಿಮೆಯ ಕಾಗದಗಳು ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಲಗಿದವನಿಗೆ ಹಣ ಕೊಡುತ್ತವೆಯೇ ಹೊರತು ಎದ್ದು ನಡೆಯಲು ಕಲಿಯುವವನಿಗಲ್ಲ. ಮೇಲೆ ಭಾಷೆಯ ಕಷ್ಟ. ಕುಂದಾಪುರದ ಕಡೆಯಿಂದ ಬಂದು ಆರು ತಿಂಗಳಾದ ಹುಡುಗನಿಗೆ 'ಇಲ್ಲಿ ನೋವೇ, ಅಥವಾ ಎಳೆತವೇ' ಎಂದು ಬಂಗಾಳಿಯಲ್ಲಿ ಕೇಳಿದರೆ ಅವನು ಎಲ್ಲದಕ್ಕೂ ತಲೆ ಅಲ್ಲಾಡಿಸುತ್ತಾನೆ. ನೋವನ್ನು ಪರಭಾಷೆಯಲ್ಲಿ ಹೇಳುವುದು ಸುಲಭವೆ? ಥೆರಪಿಸ್ಟರ ತಪ್ಪೇನೂ ಇಲ್ಲ. ಒಂದು ಬೆಳಗಿನಲ್ಲಿ ಸಾಲುಗಟ್ಟಿದವರನ್ನೆಲ್ಲ ಅವರೇ ನೋಡಬೇಕು.

ನಮ್ಮ ಸಂಘದೊಳಗೇ ಎರಡು ಬಗೆಯ ಜನರಿದ್ದೇವೆ ಎಂಬುದನ್ನು ಮುಚ್ಚಿಡುವುದು ಬೇಡ. ಕೆನರಾ ಬ್ಯಾಂಕಿನಂತಹ ಸರ್ಕಾರಿ ಸಂಸ್ಥೆಗಳಲ್ಲಿರುವವರಿಗೆ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ೨೦ನೆಯ ಕಲಮಿನ ರಕ್ಷಣೆ ಇದೆ. ನೌಕರಿಯಲ್ಲಿರುವಾಗ ಊನವಾದರೆ ಅವರನ್ನು ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು, ಹುದ್ದೆ ಇಲ್ಲವಾದರೆ ಹೆಚ್ಚುವರಿ ಹುದ್ದೆ ಮಾಡಿಯಾದರೂ ಇಟ್ಟುಕೊಳ್ಳಬೇಕು. ಇದರ ಹಿಂದಿನ ೧೯೯೫ರ ಕಾಯಿದೆಯಲ್ಲೂ ಹೀಗೆಯೇ ಇತ್ತು. ಕಾಲು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬನ ಪರವಾಗಿ ಸುಪ್ರೀಂ ಕೋರ್ಟು ೨೦೦೩ರಲ್ಲಿ ಅದನ್ನೇ ಎತ್ತಿಹಿಡಿಯಿತು. ಆದರೆ ಈ ಕಲಮಿನಲ್ಲಿ ಇರುವುದು 'ಸರ್ಕಾರಿ ಸಂಸ್ಥೆ' ಎಂಬ ಮಾತು. ಗಿರಣಿಗೆ ಇದಿಲ್ಲ, ಹೋಟೆಲಿಗೆ ಇದಿಲ್ಲ. ಒಂದೇ ಜಿಲ್ಲೆಯಿಂದ, ಒಂದೇ ರೈಲಿನಲ್ಲಿ ಬಂದ ಇಬ್ಬರಲ್ಲಿ ಒಬ್ಬನ ಕೈಗೆ ಕಾಯಿದೆಯ ಕಾವಲಿದೆ, ಇನ್ನೊಬ್ಬನ ಕೈಗೆ ಧಣಿಯ ದಯೆ ಮಾತ್ರ. ಇದನ್ನು ಬ್ಯಾಂಕಿನ ಗೆಳೆಯರೇ ಮೊದಲು ಎತ್ತಬೇಕೆಂದು ನನ್ನ ಕೋರಿಕೆ. ತಮಗಿರುವ ಹಕ್ಕನ್ನು ಇಲ್ಲದವರಿಗೆ ಕೇಳುವಾಗ ದನಿ ಗಟ್ಟಿಯಾಗಿರುತ್ತದೆ.

ಧಣಿಗಳ ಮಾತನ್ನೂ ಕೇಳಬೇಡವೆ? 'ನನ್ನದು ಸಣ್ಣ ಹೋಟೆಲು, ಕೈಲಾಗದವನನ್ನು ಇಟ್ಟುಕೊಂಡು ಧರ್ಮಛತ್ರ ನಡೆಸಲೆ?' ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಹೋಟೆಲಿನಲ್ಲಿ ಕಾವಲಿಯ ಕೆಲಸವೊಂದೇ ಇರುವುದೆ? ಗಲ್ಲಾ ಇದೆ, ಟೋಕನ್ ಇದೆ, ಉಗ್ರಾಣದ ಲೆಕ್ಕವಿದೆ, ಫೋನಿನಲ್ಲಿ ಬರುವ ಆರ್ಡರು ಬರೆದುಕೊಳ್ಳುವುದಿದೆ. ಯಾವ ಕೈಗೆ ಯಾವ ಕೆಲಸ ಒಗ್ಗುತ್ತದೆ, ಸೌಟಿನ ಹಿಡಿ ಎಷ್ಟು ದಪ್ಪ ಮಾಡಿದರೆ ಮುದುರಿದ ಬೆರಳಿಗೆ ಸಿಕ್ಕುತ್ತದೆ ಎಂದು ಹೇಳುವುದೇ ಆಕ್ಯುಪೇಷನಲ್ ಥೆರಪಿಸ್ಟರ ವಿದ್ಯೆ. ಹತ್ತು ವರ್ಷ ದುಡಿದ ಭಟ್ಟರ ನಾಲಗೆಗೆ ಏನೂ ಪೆಟ್ಟಾಗಿಲ್ಲ. ಸಾಂಬಾರಿನ ಹದ ಹೇಳಿ ಹೊಸ ಹುಡುಗರಿಗೆ ಕಲಿಸಲು ಅವರಿಗಿಂತ ಯಾರು ಬೇಕು? ಧಣಿಗೆ ನಷ್ಟವಾಗದ ಹಾಗೆ ಇದನ್ನು ಮಾಡಬಹುದು, ಮಾಡಿದವರೂ ಇದ್ದಾರೆ. ದಯೆಯಿಂದ ಮಾಡಿದ್ದನ್ನು ಕರಾರಿನಿಂದ ಮಾಡಬೇಕೆಂಬುದಷ್ಟೆ ನನ್ನ ವಾದ. ದಯೆ ಧಣಿ ಬದಲಾದರೆ ಬದಲಾಗುತ್ತದೆ.

ಸಂಸತ್ತಿನ ಕಾಯಿದೆ ತಿದ್ದುವುದು ನಮ್ಮ ಕೈಯಲ್ಲಿಲ್ಲ. ದೊಡ್ಡ ಯೂನಿಯನ್ನುಗಳು ಆ ಬೇಡಿಕೆ ಇಡಲಿ, ನಾವು ಸಹಿ ಹಾಕೋಣ. ನಮ್ಮ ಕೈಯಲ್ಲಿ ಆಗುವುದನ್ನು ಗೊತ್ತುವಳಿಯ ರೂಪದಲ್ಲಿ ಬರೆದಿಟ್ಟಿದ್ದೇನೆ. ಕೆಲಸದಲ್ಲಿ ಪೆಟ್ಟಾದವನ ಜಾಗವನ್ನು ಒಂದು ವರ್ಷ ಕಾದಿಡುವುದಾಗಿಯೂ, ಥೆರಪಿಸ್ಟರ ಪತ್ರ ತಂದರೆ ಹಗುರ ಕೆಲಸ ಕೊಡುವುದಾಗಿಯೂ ನಮ್ಮ ಕನ್ನಡಿಗ ಹೋಟೆಲ್ ಮಾಲೀಕರಿಂದ ಸಂಘವು ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಇರಬೇಕೆಂಬ ಮಾತು ಅದೇ ಕಾಗದದಲ್ಲಿ ಸೇರಬೇಕು. ಚಿಕಿತ್ಸೆಗೆ ಹೋದ ದಿನದ ಕೂಲಿಯ ಅರ್ಧವನ್ನು ಸಂಘದ ಸಹಾಯನಿಧಿಯಿಂದ ಕೊಡಬೇಕು. ವಾರ್ಷಿಕೋತ್ಸವದ ಶಾಮಿಯಾನದ ಖರ್ಚನ್ನು ಒಂದು ವರ್ಷ ತಗ್ಗಿಸಿದರೆ ಇದಕ್ಕೆ ಸಾಲುತ್ತದೆ, ಖಜಾಂಚಿಯವರು ಕೋಪಿಸಿಕೊಳ್ಳಬಾರದು. ಬಂಗಾಳಿ ಬಲ್ಲ ನಿವೃತ್ತ ಸದಸ್ಯರು ಸರದಿಯ ಮೇಲೆ ರೋಗಿಯ ಜೊತೆ ಹೋಗಬೇಕು. ಈ ಕಡೆಯ ಕೆಲಸಕ್ಕೆ ಮಂಗಳವಾರಗಳಂದು ನಾನು ಸಿದ್ಧ. ಇನ್ನೂ ನಾಲ್ವರ ಹೆಸರು ಬೇಕು. ಗೊತ್ತುವಳಿಗೆ ಅನುಮೋದಕರೂ ಒಬ್ಬರು ಬೇಕು, ಅದು ಹೋಟೆಲ್ ವಿಭಾಗದವರಾದರೆ ಒಳ್ಳೆಯದು. ಮಹಾಸಭೆಗೆ ಹದಿನೈದು ದಿನ ಮೊದಲೇ ಕಾರ್ಯದರ್ಶಿಗಳಿಗೆ ಕಾಗದ ತಲಪಬೇಕೆಂದು ನಿಯಮವಿರುವುದರಿಂದ, ಒಪ್ಪುವವರು ಬೇಗನೆ ತಿಳಿಸುವುದು.